ಹತ್ತು ಗಂಟೆಗೆ ಶುರುವಾಗುವ ವಿಮೆ

ದ್ವಾರಕನಾಥನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಸಿಟ್ಟು ಮೊದಲು ಬರುತ್ತಿತ್ತು, ಕಾರಣ ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತಿತ್ತು. ಆ ಶುಕ್ರವಾರ ಸಂಜೆ ಮಾತ್ರ ಎರಡೂ ಜೊತೆಯಲ್ಲೇ ಬಂದವು. ಕಾರು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೂತಿದ್ದ ನಳಿನಿ ಎಂಬ ತಮಿಳು ಹುಡುಗಿ ಫಾರಂ ತುಂಬಿಸುತ್ತಾ ಇನ್ನೊಂದು ಕಾಗದವನ್ನು ಅವನ ಮುಂದೆ ಸರಿಸಿದಳು.

"ಇದೊಂದು ಎಕ್ಸ್‌ಟ್ರಾ ಕವರ್ ಸರ್. ಇನ್ಶೂರೆನ್ಸ್ ಇಲ್ಲದ ಗಾಡಿಯವನು ಯಾರಾದ್ರೂ ನಿಮಗೆ ಬಂದು ಗುದ್ದಿದ್ರೆ ಅವನ ಹತ್ರ ಏನೂ ಹುಟ್ಟಲ್ಲ. ಈ ಕವರ್ ಇದ್ರೆ ರಿಪೇರಿ ನಿಮ್ಮ ತಲೆ ಮೇಲೆ ಬರಲ್ಲ. ದಿನಕ್ಕೆ ಆರೇ ಡಾಲರ್."

"ಏನಮ್ಮಾ, ಇದು ಸಿಂಗಪುರ ತಾನೇ?" ಎಂದು ದ್ವಾರಕನಾಥ ಕೇಳಿದ.

ನಳಿನಿ ಹೌದೆಂದಳು. ಅದೇ ಅವಳು ಮಾಡಿದ ತಪ್ಪು.

"ಈ ಊರಲ್ಲಿ ನಾಯಿಗೂ ಲೈಸೆನ್ಸ್ ಇದೆ. ಉಗುಳಿದರೆ ದಂಡ, ಕಸ ಹಾಕಿದರೆ ದಂಡ, ಹೂಕುಂಡದಲ್ಲಿ ನೀರು ನಿಂತರೆ ಮನೆಗೇ ಬಂದು ದಂಡ ಹಾಕ್ತಾರೆ. ಇಂಥ ಊರಲ್ಲಿ ಇನ್ಶೂರೆನ್ಸ್ ಇಲ್ಲದೆ ಗಾಡಿ ಓಡಿಸೋ ಗಂಡು ಯಾರಿದಾನೆ? ಒಬ್ಬನ್ನ ತೋರಿಸು ನೋಡೋಣ. ನಾನೇ ಅವನ ಕೊರಳಿಗೆ ಹಾರ ಹಾಕ್ತೀನಿ."

"ಅಪ್ಪಾ, ಆರು ಡಾಲರ್ ಲಾ," ಎಂದು ಈ ಊರಿನ ಬಾಲ ಸೇರಿಸಿ ಹೇಳಿದಳು ಪಕ್ಕದಲ್ಲಿ ನಿಂತಿದ್ದ ಮಗಳು ಸ್ಪಂದನಾ. ಹದಿನೆಂಟು ತುಂಬಿ ಡ್ರೈವಿಂಗ್ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಹುಡುಗಿ. "ಹಾಕಿಸ್ಕೊಂಡು ಬಿಡು, ಹೋಗೋಣ."

"ಆರು ಡಾಲರ್ ಪ್ರಶ್ನೆ ಅಲ್ಲ ಕಣೇ. ತಿಳಿವಳಿಕೆ ಪ್ರಶ್ನೆ."

ಸ್ಪಂದನಾ ನಾಚಿಕೆ ತಡೆಯಲಾರದೆ ಹೊರಗೆ ಹೋಗಿ ನಿಂತಳು. ದ್ವಾರಕನಾಥ ಇನ್ನೂ ಹದಿನೈದು ನಿಮಿಷ ತಿಳಿವಳಿಕೆ ಹಂಚಿದ. ನಡುವೆ ನಳಿನಿ ಏನನ್ನೋ ಎರಡು ಸಲ ಹೇಳಿದಳು. ತನ್ನ ಮಾತಿನ ಓಟದಲ್ಲಿ ಅದು ಅವನ ಕಿವಿಗೆ ಬೀಳಲಿಲ್ಲ. ಅವಳು ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಕಾರನ್ನು ರಾತ್ರಿಯೇ ತಮ್ಮ ಡ್ರೈವರ್ ಬುಕಿತ್ ಪಂಜಾಂಗ್‌ನ ಅವನ ಫ್ಲಾಟಿರುವ ಬ್ಲಾಕಿನ ಕೆಳಗೆ ತಂದು ನಿಲ್ಲಿಸಿ ಕೀ ಕೊಡುತ್ತಾನೆ ಎಂಬುದಷ್ಟು ಕೇಳಿಸಿತು. ಅವನಿಗೆ ಬೇಕಾಗಿದ್ದೂ ಅಷ್ಟೇ.

ಓದದೆ ಸಹಿ ಹಾಕುವವರನ್ನು ಬೈಯುವುದಕ್ಕೇ ಅವನಿಗೆ ಸಂಬಳ ಬರುತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಎರಡು ಸಾವಿರದ ಏಳನೇ ಇಸವಿ. ಊರಿನ ಆಕಾಶದಲ್ಲಿ ಹಕ್ಕಿಗಳಿಗಿಂತ ಕ್ರೇನುಗಳು ಹೆಚ್ಚಾಗಿದ್ದ ಕಾಲ. ದ್ವಾರಕನಾಥ ಕಟ್ಟಡ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಕಿಕ್ಕೇರಿ ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಡಿಪ್ಲೊಮಾ ಮಾಡಿ, ಗಂಟಲೊಂದನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬಂದವನು. ಹೋದ ತಿಂಗಳಷ್ಟೇ ಕಂಪನಿ ಅವನಿಗೆ ಬಡ್ತಿ ಕೊಟ್ಟಿತ್ತು. ಬಿಶಾನ್, ಜುರಾಂಗ್ ಈಸ್ಟ್, ಬುಕಿತ್ ಪಂಜಾಂಗ್, ಮೂರು ಸೈಟುಗಳಿಗೂ ಅವನೇ ಇನ್‌ಚಾರ್ಜ್. ಓಡಾಡಲು ಕಂಪನಿಯ ಪಿಕಪ್ ಗಾಡಿ. ಪತ್ರದಲ್ಲಿ ಒಂದೇ ಷರತ್ತು: ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇರತಕ್ಕದ್ದು. ನಲವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಅವನ ಹುದ್ದೆಗೆ ಚಕ್ರ ಬಂದಿತ್ತು.

ಆ ಗಾಡಿಯನ್ನು ಶನಿವಾರ ಭಾನುವಾರ ಮನೆಗೆ ತರುವ ಹಾಗಿರಲಿಲ್ಲ. ಬಾಡಿಗೆ ಕಾರು ಬೇಕಾಗಿದ್ದು ಷಡ್ಡಕ ಬದರೀನಾಥನಿಗಾಗಿ. ಹೆಂಡತಿಯ ಅಕ್ಕನ ಗಂಡ, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಬಿಶಾನ್‌ನಲ್ಲಿ ಕಾಂಡೊ ಫ್ಲಾಟು, ಸ್ವಂತ ಕಾರು. ಎಂಟು ವರ್ಷದಿಂದ ಎಲ್ಲಿಗೆ ಹೋದರೂ ದ್ವಾರಕನಾಥನ ಸಂಸಾರ ಆ ಕಾರಿನ ಹಿಂದಿನ ಸೀಟಿನಲ್ಲಿ. ಪ್ರತಿ ಸಲ ಇಳಿಯುವಾಗಲೂ ಬದರೀನಾಥ ಕತ್ತು ತಿರುಗಿಸಿ, "ದ್ವಾರಕೀ, ಬಾಗಿಲು ಮೆಲ್ಲಗೆ ಕಣಯ್ಯಾ," ಎನ್ನುತ್ತಿದ್ದ. ಈ ಶನಿವಾರ ಚಾಂಗಿ ಬೀಚಿಗೆ ಊಟ ಕಟ್ಟಿಕೊಂಡು ಹೋಗುವುದು, ಬದರೀನಾಥನನ್ನು ಹಿಂದೆ ಕೂರಿಸುವುದು, ಇಳಿಯುವಾಗ ಆ ಮಾತನ್ನು ಬಡ್ಡಿ ಸಮೇತ ತಿರುಗಿ ಆಡುವುದು. ಇಷ್ಟಕ್ಕೆ ಎರಡು ದಿನದ ಬಾಡಿಗೆ. ದುಬಾರಿ ಎಂದು ಅವನಿಗೆ ಅನಿಸಿರಲಿಲ್ಲ.

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಭಾಗೀರಥಿ ಅಡುಗೆಮನೆಯಿಂದ ಕ್ಯಾಲೆಂಡರ್ ಹಿಡಿದುಕೊಂಡೇ ಬಂದಳು. ಬೆಂಗಳೂರಿಂದ ತರಿಸಿದ್ದು, ತಿಥಿ ನಕ್ಷತ್ರಗಳೆಲ್ಲ ಒಂದೊಂದು ಚೌಕದೊಳಗೆ ಇರುವೆಗಳಂತೆ ಮುತ್ತಿಕೊಂಡಿರುವ ಕ್ಯಾಲೆಂಡರ್.

"ರೀ, ಇವತ್ತು ಶನಿವಾರ. ಒಂಬತ್ತರಿಂದ ಹತ್ತೂವರೆ ರಾಹುಕಾಲ."

"ನಾವು ಹೊರಡೋದು ಹತ್ತಕ್ಕೆ."

"ಅದಕ್ಕೇ ಹೇಳಿದ್ದು. ಹೊಸ ಗಾಡಿ. ರಾಹುಕಾಲದಲ್ಲಿ ತೆಗೀತೀರಾ?"

"ಹೊಸ ಗಾಡಿ ಅಂತೆ! ಎರಡು ದಿನದ ಬಾಡಿಗೆ ಗಾಡಿ ಕಣೇ ಅದು."

"ಬಾಡಿಗೆ ಮನೆಗೆ ಹಾಲುಕ್ಕಿಸಲ್ವಾ? ಗಾಡಿಗೂ ಅಷ್ಟೇ. ನಮ್ಮ ತಾತ ಏನ್ ಮಾಡೋರು ಗೊತ್ತಾ? ಒಳ್ಳೆ ಗಳಿಗೆಯಲ್ಲಿ ಗಂಟು ಆಚೆ ಇಟ್ಟು ನಾಲ್ಕು ಹೆಜ್ಜೆ ಹೋಗಿ ಬಂದುಬಿಡೋರು. ಆಮೇಲೆ ಊಟ ಮಾಡಿ ನಿದ್ದೆ ಹೊಡೆದು ಹೊರಟ್ರೂ ಒಳ್ಳೆ ಗಳಿಗೆಯಲ್ಲೇ ಹೊರಟ ಹಾಗೆ."

ಪ್ರಸ್ಥಾನ ಇಡುವುದು ಎಂದು ಅದಕ್ಕೆ ಹೆಸರು. ದ್ವಾರಕನಾಥನ ಹಳ್ಳಿಯಲ್ಲೂ ಇತ್ತು. ಗಡಿಯಾರಕ್ಕೆ ಮೋಸ ಮಾಡುವುದನ್ನು ಶಾಸ್ತ್ರ ಮಾಡಿಕೊಂಡವರು ನಾವೊಬ್ಬರೇ ಎಂದು ಅವನು ಎಷ್ಟೋ ಸಲ ನಕ್ಕಿದ್ದ. ಈಗ ಮಾತ್ರ ನಗಲಿಲ್ಲ. ರಾಹುಕಾಲವನ್ನು ಅವನು ನಂಬುತ್ತಿರಲಿಲ್ಲ. ಆದರೆ ಬದರೀನಾಥನನ್ನು ಹಿಂದಿನ ಸೀಟಿನಲ್ಲಿ ಕೂರಿಸುವ ದಿನ ಏನಾದರೂ ಎಡವಟ್ಟಾದರೆ ಎಂಬ ಹೆದರಿಕೆಯಿತ್ತು. ನಂಬಿಕೆ ಇಲ್ಲದವನಿಗೂ ಹೆದರಿಕೆ ಇರಬಾರದೆಂದು ಕಾನೂನಿಲ್ಲವಲ್ಲ.

"ಸರಿ ನಡಿ. ಹತ್ತಡಿ ಮುಂದಕ್ಕೆ ತೆಗೆದು ಮತ್ತೆ ನಿಲ್ಲಿಸ್ತೀನಿ. ತೃಪ್ತಿ ತಾನೇ?"

ಭಾಗೀರಥಿ ಆಗಲೇ ನಾಲ್ಕು ನಿಂಬೆಹಣ್ಣು, ಅರಿಸಿನ ಕುಂಕುಮ, ಲಿಟಲ್ ಇಂಡಿಯಾದಿಂದ ತಂದು ಫ್ರಿಜ್ಜಿನಲ್ಲಿಟ್ಟಿದ್ದ ಚೆಂಡುಹೂವಿನ ಹಾರ, ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಕೊಂಡಾಗಿತ್ತು.

ಕೆಳಗೆ ಕಾರ್‌ಪಾರ್ಕಿನಲ್ಲಿ ಬಿಳಿ ಕಾರು ನಿಂತಿತ್ತು. ಸ್ಪಂದನಾ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿಕೊಳ್ಳುತ್ತಾ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಳು. ಭಾಗೀರಥಿ ಬಾನೆಟ್ಟಿಗೆ ಕುಂಕುಮ ಇಟ್ಟು, "ಹಾರ ಆಮೇಲೆ ಹಾಕೋಣ, ಮೊದ್ಲು ತೆಗೀರಿ. ಎಂಟು ನಲವತ್ತಾಯ್ತು. ನಾಲ್ಕೂ ಒಡೀಬೇಕು, ನೋಡ್ಕೊಳಿ," ಎಂದಳು.

ದ್ವಾರಕನಾಥ ಕಾರು ಶುರು ಮಾಡಿದ. ಮೂರು ನಿಂಬೆಹಣ್ಣು ಪಚಕ್ಕೆಂದವು. ತನ್ನ ಬಲಗಡೆಯ ಚಕ್ರದ್ದು ಒಡೆಯದೆ ಜಾರಿ ಉರುಳಿಕೊಂಡು ಹೋಯಿತು. ಅದೊಂದನ್ನು ಬಿಟ್ಟರೆ ಆಗುತ್ತದೆಯೇ? ಕಿಟಕಿಯಿಂದ ತಲೆ ಆಚೆ ಹಾಕಿ, ಅದು ಹೋದ ಕಡೆಗೆ ಚಕ್ರ ತಿರುಗಿಸಿ, ಅದನ್ನೇ ನೋಡುತ್ತಾ ಮುಂದಕ್ಕೆ ಬಿಟ್ಟ. ಮೂರು ಸೈಟುಗಳ ಸೇಫ್ಟಿ ಆಫೀಸರ್ ಒಂದು ನಿಂಬೆಹಣ್ಣನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ.

ದಡ್ ಎಂದಿತು.

ಎದುರಿನ ಸಾಲಿನ ತನ್ನ ಜಾಗಕ್ಕೆ ಮೂತಿ ತೂರಿಸಿ, ನೆಟ್ಟಗೆ ನಿಲ್ಲಿಸಲು ಹಿಂದಕ್ಕೆ ಬರುತ್ತಿದ್ದ ಒಂದು ವ್ಯಾನಿಗೆ ಕಾರು ಮುಖ ಕೊಟ್ಟಿತ್ತು. ವ್ಯಾನಿನ ಹಿಂದಿನ ಬಾಗಿಲು ತೆರೆದುಕೊಂಡು ಒಂದು ಬುಟ್ಟಿ ಕಾಂಗ್‌ಕಾಂಗ್ ಸೊಪ್ಪು ಕುಂಕುಮದ ಮೇಲೆ ಬಿತ್ತು.

ದ್ವಾರಕನಾಥ ಬಾಗಿಲು ತೆರೆಯುವ ಮೊದಲೇ ಬಾಯಿ ತೆರೆದಿದ್ದ. ಕೆಳಗಿಳಿಯುವಷ್ಟರಲ್ಲಿ ಎರಡು ವಾಕ್ಯ ಮುಗಿದಿದ್ದವು. ವ್ಯಾನಿನಿಂದ ಇಳಿದವನು ಅರವತ್ತರ ಆಸುಪಾಸಿನ ಒಬ್ಬ ಚೀನೀ ಮುದುಕ. ಬನಿಯನ್ನು, ಚಡ್ಡಿ, ಹವಾಯಿ ಚಪ್ಪಲಿ. ಬೆಳಗಿನ ಜಾವವೇ ಎದ್ದು ಅಂಗಡಿಗಳಿಗೆ ಸೊಪ್ಪು ಹಂಚಿ ಮಲಗಲು ಬಂದ ಕಣ್ಣುಗಳು. ಕ್ವೆಕ್ ಎಂದು ಅವನ ಹೆಸರು, ಆರನೇ ಮಹಡಿಯವನು.

"ಹಿಂದೆ ನೋಡೋಕೆ ಕಣ್ಣಿಲ್ವಾ?" ಎಂದು ದ್ವಾರಕನಾಥ ಕೂಗಿದ. ಅವನ ಇಂಗ್ಲಿಷೂ ಕ್ವೆಕ್‌ನ ಇಂಗ್ಲಿಷೂ ಬೇರೆ ಬೇರೆ ಹಳ್ಳಿಯವು. ಆದರೂ ಬೈಗುಳ ಸರಿಯಾಗಿ ತಲುಪುತ್ತಿತ್ತು. "ಇನ್ಶೂರೆನ್ಸ್ ಇದೆಯಾ ನಿನಗೆ? ಇದೆಯಾ? ತೆಗಿ, ಮೊದ್ಲು ತೋರ್ಸು!"

"ಇದೆ, ಇದೆ. ಕೂಗ್ಬೇಡ ಲಾ ಬ್ರದರ್, ಮೇಲೆ ಮಕ್ಕಳು ಮಲಗಿವೆ."

"ಇದ್ರೆ ತೋರ್ಸು!"

ಕ್ವೆಕ್ ವ್ಯಾನಿನೊಳಗೆ ತಲೆ ಹಾಕಿದ. ರಸೀದಿಗಳು ಬಂದವು, ಒಂದು ಹಳೇ ಟವೆಲ್ಲು ಬಂತು, ಯಾರದೋ ಮದುವೆ ಕಾಗದ ಬಂತು. ಪ್ರತಿಯೊಂದು ಬಂದಾಗಲೂ ದ್ವಾರಕನಾಥ ಮಗಳ ಕಡೆ ತಿರುಗಿ, "ನೋಡಿದ್ಯಾ? ಇಲ್ಲ ಇವನ ಹತ್ರ. ನಿನ್ನೆ ಆ ಹುಡುಗಿ ಹೇಳಿದ್ದು ಇಂಥವರ ವಿಷಯಾನೇ," ಎಂದ. ನಿನ್ನೆ ಇಂಥವರು ಇಲ್ಲವೇ ಇಲ್ಲ ಎಂದು ವಾದಿಸಿದ್ದವನೂ ತಾನೇ ಎಂಬುದು ಅವನ ನೆನಪಿನಲ್ಲಿರಲಿಲ್ಲ.

ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದ ಬಂತು. ದ್ವಾರಕನಾಥ ಅದನ್ನು ಕಸಿದುಕೊಂಡು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದ. ನಂಬರ್ ಸರಿ. ಹೆಸರು ಸರಿ. ಡಿಸೆಂಬರ್‌ವರೆಗೆ ಚಾಲ್ತಿ. ಒಂದು ಅಕ್ಷರವೂ ಅವನ ಕೈಗೆ ಸಿಗಲಿಲ್ಲ.

"ನಿನ್ನದು?" ಎಂದ ಕ್ವೆಕ್, ಸೊಪ್ಪು ಆರಿಸಿಕೊಳ್ಳುತ್ತಾ.

"ನನ್ನದಾ!" ದ್ವಾರಕನಾಥ ನಿಧಾನವಾಗಿ, ಗತ್ತಿನಿಂದ, ಕಾರಿನ ಡ್ಯಾಶ್‌ಬೋರ್ಡಿನ ಖಾನೆ ತೆರೆದು ಬಾಡಿಗೆ ಕಾಗದ ತೆಗೆದ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದ. ಗಾಡಿ ನಂಬರ್ ಓದಿದ. ತನ್ನ ಹೆಸರು ಓದಿದ. "ಬಾಡಿಗೆ ಹಾಗೂ ವಿಮೆಯ ಅವಧಿ, ಶನಿವಾರ ಬೆಳಗ್ಗೆ ಹತ್ತು ಗಂಟೆಯಿಂದ..."

ಅಲ್ಲಿಗೆ ನಿಂತ. ಕೈಗಡಿಯಾರ ನೋಡಿಕೊಂಡ. ಎಂಟು ಐವತ್ತೆರಡು.

ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲಿತ್ತು: ಹತ್ತಕ್ಕೆ ಮೊದಲು ವಾಹನ ಚಲಾಯಿಸಬಾರದು. ಪಕ್ಕದಲ್ಲಿ ಅವನದೇ ಸಹಿ. ಚೆನ್ನಾಗಿ, ಉದ್ದಕ್ಕೆ, ಕೆಳಗೊಂದು ಗೆರೆ ಎಳೆದು ಹಾಕಿದ ಸಹಿ. ನಳಿನಿ ಎರಡು ಸಲ ಹೇಳಿದ್ದು ಏನು ಎಂಬುದು ಈಗ ಗೊತ್ತಾಯಿತು.

ಸ್ಪಂದನಾ ಬಗ್ಗಿ ಕಾಗದ ನೋಡಿದಳು. "ಅಪ್ಪಾ. ಹಾಗಾದ್ರೆ ನಮಗೇ ಇನ್ಶೂರೆನ್ಸ್ ಇಲ್ಲ."

"ಸುಮ್ನಿರು."

"ಇನ್ಶೂರೆನ್ಸ್ ಇಲ್ದೆ ಓಡ್ಸಿದ್ರೆ ಕೋರ್ಟಿಗೆ ಹೋಗುತ್ತೆ. ಹನ್ನೆರಡು ತಿಂಗಳು ಲೈಸೆನ್ಸ್ ಕಟ್. ನಿನ್ನೆ ರಾತ್ರಿ ತಾನೇ ಓದ್ದೆ."

"ಸುಮ್ನಿರು ಅಂದ್ನಲ್ಲ!"

"ಲೈಸೆನ್ಸ್ ಹೋದ್ರೆ ಆಫೀಸ್ ಗಾಡಿ ಹೆಂಗ್ರೀ?" ಎಂದಳು ಭಾಗೀರಥಿ. ಅವಳ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಗಾಡಿ ಹೋದರೆ ಮೂರು ಸೈಟು ಹೋಗುತ್ತದೆ, ಮೂರು ಸೈಟು ಹೋದರೆ ಬಡ್ತಿ ಹೋಗುತ್ತದೆ. ಒಂದು ತಿಂಗಳ ಹಿಂದೆ ಬಂದ ಪತ್ರವನ್ನು ಅವನು ಫ್ರೇಮು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದ್ದ.

ಕ್ವೆಕ್ ಕಾಗದವನ್ನೂ ಗಡಿಯಾರವನ್ನೂ ಅವನ ಮುಖವನ್ನೂ ಒಂದಾದ ಮೇಲೊಂದು ನೋಡಿದ. ನಲವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಹೆಚ್ಚಿಗೆ ಹೇಳಬೇಕಾಗಿರಲಿಲ್ಲ.

"ಬ್ರದರ್, ನನ್ನ ಲೈಟೊಂದು ಒಡೆದಿದೆ. ನಿನ್ನ ಮೂತಿ ಸೊಟ್ಟಗಾಗಿದೆ. ಪೆಟ್ಟು ಯಾರಿಗೂ ಇಲ್ಲ. ಹತ್ತು ಗಂಟೆ ತಾನೇ? ಆಗುತ್ತೆ ಬಿಡು. ಕಾಯೋಣ. ಹತ್ತೂ ಹತ್ತಕ್ಕೆ ಗುದ್ದಿಕೊಂಡ್ವಿ ಅಂದ್ರಾಯ್ತು. ನಾನೂ ಹಾಗೇ ಹೇಳ್ತೀನಿ. ಬಾ, ಕೋಪಿ ಕುಡಿಯೋಣ."

ಐದು ನಿಮಿಷದ ಹಿಂದೆ ಬಾಯಿಗೆ ಬಂದಂತೆ ಬೈಸಿಕೊಂಡ ಮನುಷ್ಯ! ದ್ವಾರಕನಾಥನಿಗೆ ಅವನ ಕಾಲು ಹಿಡಿಯಬೇಕೆನಿಸಿತು. ಅದರ ಬದಲು, "ಸಕ್ಕರೆ ಕಮ್ಮಿ," ಎಂದ.

ಇಬ್ಬರೂ ಕೋಪಿ ಎಂಬ ಇಲ್ಲಿನ ಕಾಫಿ ಹಿಡಿದುಕೊಂಡು, ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದ ಕಲ್ಲುಬೆಂಚಿನ ಮೇಲೆ ಕೂತರು. ಎದುರಿಗೆ ಕಾರು ಮತ್ತು ವ್ಯಾನು ಮೂತಿಗೆ ಬೆನ್ನು ಕೊಟ್ಟುಕೊಂಡು, ಮಾತುಬಿಟ್ಟ ಷಡ್ಡಕರಂತೆ ನಿಂತಿದ್ದವು. ಭಾಗೀರಥಿ ಪುಳಿಯೋಗರೆ ಡಬ್ಬಿ ತಂದು ಕ್ವೆಕ್‌ಗೂ ಬಡಿಸಿದಳು. ಅವನು ಎರಡನೇ ಸಲ ಹಾಕಿಸಿಕೊಂಡ. ಯಾರಾದರೂ ಆ ದಾರಿಯಲ್ಲಿ ಗಾಡಿ ತಂದರೆ ಕ್ವೆಕ್ ಎದ್ದು ಹೋಗಿ ಚೀನೀ ಭಾಷೆಯಲ್ಲಿ ಏನೋ ಹೇಳಿ ಆ ಕಡೆಯಿಂದ ಕಳಿಸುತ್ತಿದ್ದ.

ಒಂಬತ್ತು ಕಾಲಕ್ಕೆ ಬದರೀನಾಥನ ಫೋನ್ ಬಂತು.

"ಹೊರಟ್ಯೇನಯ್ಯಾ ದ್ವಾರಕೀ?"

"ಹೊರಟಿದೀನಿ ಭಾವ. ಅಂದ್ರೆ... ಪ್ರಸ್ಥಾನ ಆಗಿದೆ. ರಾಹುಕಾಲ ಅಂತ ಭಾಗೀರಥಿ..."

ಬದರೀನಾಥ ನಕ್ಕ. ಬ್ಯಾಂಕಿನವರ ನಗು, ನಿಮ್ಮ ಅರ್ಜಿ ತಿರಸ್ಕೃತವಾಗಿದೆ ಎನ್ನುವ ಮುಂಚೆ ನಗುತ್ತಾರಲ್ಲ, ಅದು. "ಬೆಂಗಳೂರು ಕ್ಯಾಲೆಂಡರ್ ನೋಡಿದ್ಯಾ? ಅಲ್ಲಯ್ಯಾ, ರಾಹುಕಾಲ ಲೆಕ್ಕ ಹಾಕೋದು ಸೂರ್ಯ ಹುಟ್ಟೋದರಿಂದ. ಅಲ್ಲಿ ಆರಕ್ಕೆ ಹುಟ್ತಾನೆ, ಇಲ್ಲಿ ಏಳಕ್ಕೆ. ಇಲ್ಲಿ ಶನಿವಾರ ರಾಹುಕಾಲ ಶುರುವಾಗೋದೇ ಹತ್ತಕ್ಕೆ. ಇಷ್ಟು ವರ್ಷ ಇದ್ದೂ ಗೊತ್ತಿಲ್ವಾ?"

ದ್ವಾರಕನಾಥ ಫೋನ್ ಇಟ್ಟು ಮತ್ತೆ ಕೈಗಡಿಯಾರ ನೋಡಿಕೊಂಡ. ವಿಮೆಯೂ ಹತ್ತಕ್ಕೆ, ರಾಹುವೂ ಹತ್ತಕ್ಕೆ. ಇಬ್ಬರೂ ಒಂದೇ ಆಫೀಸಿನವರಿರಬೇಕು.

ಒಂಬತ್ತೂವರೆ ಆಯಿತು. ಹತ್ತು ಆಗಲು ಅರ್ಧ ಗಂಟೆ ಎಂದರೆ ಎಷ್ಟು ಉದ್ದವೆಂದು ಅವನಿಗೆ ಅಂದು ತಿಳಿಯಿತು. ಮನಸ್ಸಿಗೆ ಬೇಡವೆಂದರೂ ಹೋದ ಮಂಗಳವಾರ ಬರುತ್ತಿತ್ತು. ಜುರಾಂಗ್ ಈಸ್ಟ್ ಸೈಟಿನಲ್ಲಿ ಮೈಸೂರಿನ ಅಜಯ್ ಎಂಬ ಎಂಜಿನಿಯರ್ ಇದ್ದ. ಅಟ್ಟಣಿಗೆ ತಪಾಸಣೆ ಆಗಬೇಕಾದದ್ದು ಹತ್ತು ಗಂಟೆಗೆ. ಎಂಟೂವರೆಗೇ ರಿಜಿಸ್ಟರಿನಲ್ಲಿ 'ಹತ್ತು ಗಂಟೆ, ಎಲ್ಲ ಸರಿಯಿದೆ' ಎಂದು ಬರೆದು ಸಹಿ ಹಾಕಿದ್ದ. ದ್ವಾರಕನಾಥ ಆ ಹಾಳೆಯನ್ನು ನಲವತ್ತು ಜನ ಕೆಲಸಗಾರರ ಮುಂದೆ ಪರ್ರನೆ ಹರಿದಿದ್ದ.

"ನೋಡ್ದೇ ಟೈಮ್ ಬರೀತೀಯಾ? ಕೈಗೆ ವಾಚ್ ಕಟ್ಟಿರೋದು ಶೋಕಿಗಾ?"

"ಸರ್, ಹೇಗಿದ್ರೂ ಹತ್ತಕ್ಕೆ ನೋಡೇ ನೋಡ್ತೀನಲ್ಲ ಸರ್. ಸ್ವಲ್ಪ ಮುಂಚೆ ಬರೆದಿಟ್ಟೆ ಅಷ್ಟೆ."

"ಟೈಮಲ್ಲಿ ಸುಳ್ಳು ಹೇಳೋನು ತೂಕದಲ್ಲೂ ಹೇಳ್ತಾನೆ, ಹಗ್ಗದಲ್ಲೂ ಹೇಳ್ತಾನೆ. ಒಂದಿನ ಯಾರೋ ಮೇಲಿಂದ ಬೀಳ್ತಾನೆ!"

ಆ ಮಾತು ಆಡಿದಾಗ ಅವನಿಗೇ ಬಹಳ ಹಿಡಿಸಿತ್ತು. ಮನೆಗೆ ಬಂದು ಊಟದ ಹೊತ್ತಿನಲ್ಲಿ ಹೆಂಡತಿಗೂ ಹೇಳಿದ್ದ. ಈಗ ಅದು ನೆನಪಾಗಿ ಕೋಪಿ ಲೋಟವನ್ನು ಕೆಳಗಿಟ್ಟ. ಆದರೆ ಆತ್ಮಸಾಕ್ಷಿ ಎಚ್ಚೆತ್ತಿತು ಎಂದು ಯಾರೂ ತಿಳಿಯಬಾರದು. ಅವನು ಆ ಅರ್ಧ ಗಂಟೆ ಮಾಡಿದ್ದು ಒಂದೇ ಕೆಲಸ: 'ಹತ್ತೂ ಹತ್ತು, ಹತ್ತೂ ಹತ್ತು' ಎಂದು ಉರು ಹೊಡೆದದ್ದು. ಹಳ್ಳಿ ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ, ಸ್ವಲ್ಪ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಾ.

"ಹೇಳ್ಬಿಡ್ತೀರಾ ಸರಿಯಾಗಿ?" ಎಂದಳು ಭಾಗೀರಥಿ.

"ಒಂದು ಸುಳ್ಳು ಹೇಳೋಕೆ ಬರಲ್ವೇನೇ ನನಗೆ?"

"ನಿಮಗೆ ಎಲ್ಲಾ ಬರುತ್ತೆ. ಮೆಲ್ಲಗೆ ಮಾತಾಡೋಕೆ ಒಂದು ಬರಲ್ಲ. ಯಾರ ಮೇಲೂ ಕೂಗಾಡ್ಬೇಡಿ, ಅಷ್ಟೇ ಕೇಳ್ಕೊಳ್ಳೋದು."

ಗಡಿಯಾರ ಹತ್ತು ದಾಟಿತು. ಕ್ವೆಕ್ ಒಮ್ಮೆ ಆಕಳಿಸಿ ಹೆಬ್ಬೆರಳು ಎತ್ತಿ ತೋರಿಸಿದ. ಹತ್ತೂ ಹನ್ನೆರಡಕ್ಕೆ ದ್ವಾರಕನಾಥ ಅಂಗಡಿಗೆ ಫೋನ್ ಮಾಡಿದ. ಎತ್ತಿಕೊಂಡವಳು ನಳಿನಿ.

"ಒಂದು ಸಣ್ಣ ಆಕ್ಸಿಡೆಂಟ್ ಆಗಿದೆಯಮ್ಮಾ," ಎಂದ. ದನಿ ಬೆಣ್ಣೆಯ ಹಾಗಿತ್ತು. ಸ್ಪಂದನಾ ಬೆರಗಾಗಿ ಅಪ್ಪನನ್ನು ನೋಡಿದಳು.

"ಅಯ್ಯೋ. ಯಾರಿಗಾದ್ರೂ ಪೆಟ್ಟಾಯ್ತಾ ಸರ್?"

"ಯಾರಿಗೂ ಇಲ್ಲ."

"ಒಳ್ಳೇದಾಯ್ತು. ನಾನು ಡೀಟೇಲ್ಸ್ ಬರ್ಕೊಳ್ತೀನಿ. ಎಲ್ಲಿ ಸರ್?"

"ನಮ್ಮ ಬ್ಲಾಕ್ ಕೆಳಗೆ, ಕಾರ್‌ಪಾರ್ಕಲ್ಲಿ."

"ಟೈಮು?"

ದ್ವಾರಕನಾಥ ಬಾಯಿ ತೆರೆದ. ಉರು ಹೊಡೆದದ್ದು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಅವನು ಉಸಿರು ತೆಗೆದುಕೊಳ್ಳುವ ಆ ಒಂದು ಕ್ಷಣದಲ್ಲಿ ನಳಿನಿಗೆ ಏನನಿಸಿತೋ, ನಿನ್ನೆಯ ಹದಿನೈದು ನಿಮಿಷ ನೆನಪಾಯಿತೋ, ತಾನಾಗಿಯೇ ಹೇಳಿದಳು:

"ಹತ್ತಾದ ಮೇಲೇ ಅಲ್ವಾ ಸರ್? ನೀವೇನೂ ಹೇಳ್ಬೇಡಿ. ಹತ್ತೂ ಐದು ಅಂತ ನಾನೇ ಹಾಕ್ಕೊಂಡ್ಬಿಡ್ತೀನಿ."

ಒಳ್ಳೆಯ ಹುಡುಗಿ. ಅವನನ್ನು ಉಳಿಸಲೆಂದೇ ಆಡಿದ ಮಾತು. ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ಸುಳ್ಳನ್ನು ತಾನು ಹೇಳುವ ಶ್ರಮವೂ ಇರಲಿಲ್ಲ. ಆದರೆ ದ್ವಾರಕನಾಥನ ಕಿವಿಗೆ ಬಿದ್ದದ್ದು 'ನಾನೇ ಹಾಕ್ಕೊಂಡ್ಬಿಡ್ತೀನಿ' ಎಂಬುದೊಂದೇ. ಹದಿನೆಂಟು ವರ್ಷದಿಂದ, ಎಲ್ಲ ಸೈಟುಗಳ ಎಲ್ಲ ರಿಜಿಸ್ಟರುಗಳ ಮುಂದೆ ಯಾವ ಮಾತು ಕೇಳಿದರೆ ಅವನ ನೆತ್ತಿಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತೋ, ಅದೇ ಮಾತು.

"ಏನಂದೆ? ನೀನೇ ಹಾಕ್ಕೋತೀಯಾ? ನೋಡಿದ್ಯಾ ನೀನು? ಅಲ್ಲಿದ್ಯಾ? ನೋಡ್ದೇ ಟೈಮ್ ಬರೀತೀಯಾ? ಯಾರಮ್ಮ ಕಲಿಸಿದ್ದು ನಿನಗೆ ಕೆಲಸ? ಹತ್ತೂ ಐದಂತೆ! ಎಂಟು ನಲವತ್ಮೂರು! ನಾನು ಇದ್ದೆ, ನನಗೆ ಗೊತ್ತು, ಎಂಟು ನಲವತ್ಮೂರಕ್ಕೆ ಗುದ್ದಿದೀನಿ! ಬರ್ಕೋ!"

ಮೇಲೆ ಎರಡನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಬಟ್ಟೆ ಸಿಕ್ಕಿಸಿದ ಬಿದಿರುಕೋಲು ಹಿಡಿದುಕೊಂಡೇ ನಿಂತಳು. ಕ್ವೆಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಫೋನಿನ ಆ ಕಡೆಯಿಂದ ನಳಿನಿ ಮೆಲ್ಲಗೆ, ಬಹುತೇಕ ಸಂಕಟದಿಂದ, "ಸರ್, ನಮ್ಮ ಕಾಲ್ಸ್ ಎಲ್ಲಾ ರೆಕಾರ್ಡ್ ಆಗುತ್ತೆ ಸರ್," ಎಂದಳು.

"ಆಗ್ಲಿ!" ಎಂದ ದ್ವಾರಕನಾಥ. ಸಿಟ್ಟಿಗೆ ಇನ್ನೂ ಇಳಿಜಾರು ಸಿಕ್ಕಿರಲಿಲ್ಲ. "ಚೆನ್ನಾಗಿ ಆಗ್ಲಿ!"

ಫೋನ್ ಇಟ್ಟ ಮೇಲೆ ಅವನು ಬೆಂಚಿನ ಮೇಲೆ ಕೂತ. ತಾನು ಏನು ಹೇಳಿದೆ ಎಂಬುದು, ಬೇರೆ ಯಾರೋ ಹೇಳಿದ್ದನ್ನು ಕೇಳಿದ ಹಾಗೆ, ನಿಧಾನವಾಗಿ ಒಳಗೆ ಇಳಿಯಿತು. ಸಿಟ್ಟು ಎಂದಿನಂತೆ ಮೊದಲು ಬಂದಿತ್ತು. ಈ ಸಲ ಕಾರಣ ಬಂದು ಸೇರಿಕೊಂಡಾಗ ಅದು ಲೈಸೆನ್ಸನ್ನು ಕಿತ್ತುಕೊಂಡು ಹೋಗಲು ಬಂದಿತ್ತು.

"ಒಂದು ಅಕ್ಷರ," ಎಂದಳು ಭಾಗೀರಥಿ. "ಹೂಂ ಅನ್ನೋಕೆ ಒಂದೇ ಅಕ್ಷರ ಕಣ್ರೀ." ಆದರೆ ಬೈಯಲಿಲ್ಲ. ಅವನ ಪಕ್ಕ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಕ್ವೆಕ್ ಎದ್ದು ಬಂದು ಅವನ ಹೆಗಲು ತಟ್ಟಿದ. "ಬ್ರದರ್, ನನ್ನ ಮೇಲೂ ಕೂಗಾಡಿದೆ, ನಿನ್ನ ಮೇಲೂ ಕೂಗಾಡಿಕೊಂಡೆ. ನ್ಯಾಯವಂತ ನೀನು," ಎಂದ. ಹೊಗಳಿದನೋ ಹಂಗಿಸಿದನೋ ಅವನ ಇಂಗ್ಲಿಷಿನಲ್ಲಿ ಗೊತ್ತಾಗಲಿಲ್ಲ. ಲೈಟಿನ ವಿಷಯ ಆಮೇಲೆ ನೋಡೋಣ ಎಂದು ಹೇಳಿ, ಉಳಿದ ಪುಳಿಯೋಗರೆ ಡಬ್ಬಿ ಸಮೇತ ಮಲಗಲು ಹೋದ.

ಸ್ಪಂದನಾ ತಟ್ಟೆಯಿಂದ ಚೆಂಡುಹೂವಿನ ಹಾರ ಎತ್ತಿಕೊಂಡಳು. ಫ್ರಿಜ್ಜಿನ ತಂಪು ಹೋಗಿ ಅದು ಆಗಲೇ ಬಾಡತೊಡಗಿತ್ತು.

"ಅಪ್ಪಾ, ಇನ್ಶೂರೆನ್ಸ್ ಇಲ್ದೆ ಓಡ್ಸೋ ಗಂಡು ಸಿಕ್ರೆ ಹಾರ ಹಾಕ್ತೀನಿ ಅಂದಿದ್ಯಲ್ಲ."

ದ್ವಾರಕನಾಥ ಮಗಳನ್ನು ನೋಡಿದ. ಬೈಯಲು ಬಾಯಿ ತೆರೆದ. ಮೊದಲು ಬರಬೇಕಾದ ಸಿಟ್ಟು ಬರಲಿಲ್ಲ. ತಲೆ ತಗ್ಗಿಸಿ ಕೊರಳು ಮುಂದೆ ಚಾಚಿದ. ಅವಳು ಹಾರ ಹಾಕಿದಳು. ಚಕ್ರಕ್ಕೆ ಸಿಗದೆ ಉಳಿದಿದ್ದ ನಿಂಬೆಹಣ್ಣು ಅವನ ಚಪ್ಪಲಿಯ ಹತ್ತಿರವೇ ಬಿದ್ದಿತ್ತು. ಅವನು ಅದನ್ನು ಎತ್ತಿ ಒರೆಸಿ ಭಾಗೀರಥಿಯ ಕೈಗೆ ಕೊಟ್ಟ. "ಚಿತ್ರಾನ್ನಕ್ಕಾಗುತ್ತೆ," ಎಂದ.

ಚಾಂಗಿ ಬೀಚಿಗೆ ಅವರು ಹೋದದ್ದು ಸಂಜೆ, ಬದರೀನಾಥನ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ.

ಕೋರ್ಟಿನ ದಿನ ನ್ಯಾಯಾಧೀಶರು ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ದ್ವಾರಕನಾಥ ನಿಂಬೆಹಣ್ಣಿನ ವಿಷಯ ಹೇಳಲು ಹೊರಟು, ಇಂಗ್ಲಿಷಿನಲ್ಲಿ ಅದಕ್ಕೆ ಅರ್ಥವೇ ಇಲ್ಲವೆಂದು ಅರ್ಧಕ್ಕೆ ಬಿಟ್ಟ. ಹನ್ನೆರಡು ತಿಂಗಳು ಲೈಸೆನ್ಸ್ ರದ್ದಾಯಿತು. ದಂಡ ಬೇರೆ. ಕಂಪನಿ ಮೂರು ಸೈಟುಗಳ ಪೈಕಿ ಎರಡನ್ನು ಕಿತ್ತುಕೊಂಡು ಜುರಾಂಗ್ ಈಸ್ಟ್ ಒಂದನ್ನು ಉಳಿಸಿತು. ಗೋಡೆಯ ಮೇಲಿನ ಬಡ್ತಿ ಪತ್ರದ ಫ್ರೇಮನ್ನು ಅವನೇ ಇಳಿಸಿದ. ಷಡ್ಡಕ ಮಾತ್ರ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ದ್ವಾರಕಿ ಸುಳ್ಳು ಹೇಳಲಾರದೆ ಲೈಸೆನ್ಸ್ ಕಳ್ಕೊಂಡ," ಎಂದು ಹೆಮ್ಮೆಯಿಂದ ಹೇಳುತ್ತಾನೆ. ದ್ವಾರಕನಾಥ ಆಗೆಲ್ಲ ನೆಲ ನೋಡುತ್ತಾನೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಾರೆ. ನಾಲಿಗೆಯ ತುದಿಯವರೆಗೂ ಬಂದಿದ್ದ 'ಹತ್ತೂ ಹತ್ತ'ನ್ನು ಅವನು ಇನ್ನೂ ಯಾರಿಗೂ ಹೇಳಿಲ್ಲ.

ಈಗ ಪಿಕಪ್ ಓಡಿಸುವವನು ಅಜಯ್. ದಿನಾ ಬೆಳಗ್ಗೆ ರೈಲು ಸ್ಟೇಷನ್ನಿನ ಹತ್ತಿರ ದ್ವಾರಕನಾಥನನ್ನು ಹತ್ತಿಸಿಕೊಂಡು ಸೈಟಿನ ಆ ತುದಿಯಿಂದ ಈ ತುದಿಗೆ ಕರೆದೊಯ್ಯುತ್ತಾನೆ. ಪಕ್ಕದ ಸೀಟಿನಲ್ಲಿ ಕೂತ ದ್ವಾರಕನಾಥನ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತದೆ.

ಮೊನ್ನೆ ಶನಿವಾರ ಅಟ್ಟಣಿಗೆ ನೋಡಿ ಇಳಿದು ಬಂದ ಮೇಲೆ ಅಜಯ್ ಪೆನ್ನು ತೆರೆದು ಕೇಳಿದ: "ಸರ್, ಹತ್ತು ಅಂತ ಹಾಕ್ಲಾ?"

ದ್ವಾರಕನಾಥ ಕೈಗಡಿಯಾರವನ್ನು ಕಣ್ಣಿನ ಹತ್ತಿರ ತಂದು ನೋಡಿದ.

"ಹತ್ತೂ ಏಳು," ಎಂದ. ತಾನೇ ಬೆರಗಾಗುವಷ್ಟು ಮೆಲ್ಲಗೆ.

ಅಜಯ್ ಬರೆದುಕೊಂಡು ಸೀಟಿಗೆ ಹತ್ತಿದ. "ಬಾಗಿಲು ಸರ್," ಎಂದ. "ಸ್ವಲ್ಪ ಮೆಲ್ಲಗೆ ಹಾಕಿ. ಲೂಸಾಗಿದೆ."